ಅರಿಶಿನ ದಾರದ ಅಳತೆ

ಹೋದ ತಿಂಗಳು ಜಯನಗರದ ಸ್ಕ್ಯಾನಿಂಗ್ ಸೆಂಟರೊಂದರಲ್ಲಿ ಹುಡುಗಿಯೊಬ್ಬಳು ನನ್ನ ಕತ್ತಿಗೆ ತಣ್ಣನೆಯ ಜೆಲ್ ಸುರಿದು ಬೆರಳಿನಿಂದ ಹರಡಿದಳು. ಗಂಟಲಿನ ಕುಳಿಯಿಂದ ಮೇಲಕ್ಕೆ, ಆಮೇಲೆ ಎಡಕ್ಕೆ, ಬಲಕ್ಕೆ. ನನಗೆ ತಡೆಯಲಾರದ ನಗು ಬಂತು. "ಕಚಗುಳಿ ಆಗ್ತಿದೆಯಾ ಆಂಟಿ?" ಎಂದಳು. ಇಲ್ಲಮ್ಮ ಎಂದೆ. ನಗು ಬಂದದ್ದು ಕಮಲಮ್ಮನವರ ನೆನಪಾಗಿ. ಅರವತ್ತು ವರ್ಷದ ಹಿಂದೆ ಇದೇ ಬಡಾವಣೆಯಲ್ಲಿ, ಕತ್ತಿನ ಇದೇ ಜಾಗದಲ್ಲಿ, ಇಷ್ಟೇ ತಣ್ಣಗಿನ ಗಂಧ ಹಚ್ಚುವ ನೆಪದಲ್ಲಿ ಹೆಂಗಸರು ನನ್ನನ್ನು ತಪಾಸಣೆ ಮಾಡುತ್ತಿದ್ದರು. ಯಾರಿಗೂ ಯಾವ ಯಂತ್ರವೂ ಬೇಕಿರಲಿಲ್ಲ.

"ಬಲಗಡೆ ಚಿಕ್ಕದೊಂದು ಗಂಟು ಇದೆ. ಗಾಬರಿ ಏನಿಲ್ಲ, ಈ ವಯಸ್ಸಿಗೆ ತುಂಬಾ ಜನಕ್ಕೆ ಇರುತ್ತೆ, ಡಾಕ್ಟರ್ ಹೇಳ್ತಾರೆ" ಎಂದಳು ಹುಡುಗಿ. ನನಗೆ ಗಾಬರಿ ಆಗಲಿಲ್ಲ. ಬರುತ್ತದೆ ಬರುತ್ತದೆ ಎಂದು ಕಾದಾಗ ಬಾರದೆ, ಎಂಬತ್ತಾರನೆಯ ವಯಸ್ಸಿನಲ್ಲಿ ಬಂದ ನೆಂಟನಿಗೆ ಯಾರು ಎದ್ದು ಹೋಗಿ ಬಾಗಿಲು ತೆಗೆಯುತ್ತಾರೆ? ಆಟೋದಲ್ಲಿ ಮನೆಗೆ ಬರುವಾಗ ಮಾತ್ರ ಆ ಒಂದು ಮಳೆಗಾಲ ಪೂರ್ತಿಯಾಗಿ ನೆನಪಿಗೆ ಬಂತು. ಅದನ್ನು ಇದುವರೆಗೆ ಯಾರಿಗೂ ಹೇಳಿಲ್ಲ.

ಚೀನಾದವರ ಜೊತೆ ಯುದ್ಧ ಮುಗಿದ ಮರುವರ್ಷ ಅದು. ಅಣ್ಣ ಸೆಕ್ರೆಟೇರಿಯಟ್ಟಿನಲ್ಲಿ ಗುಮಾಸ್ತ. ಬಸವನಗುಡಿಯ ವಠಾರ ಬಿಟ್ಟು ಜಯನಗರದ ಮೂರನೇ ಬ್ಲಾಕಿನಲ್ಲಿ ಮನೆ ಮಾಡಿದ್ದ. ಅಪ್ಪ ಅಮ್ಮ ಇರಲಿಲ್ಲ. ಅಣ್ಣ, ಅತ್ತಿಗೆ ಜಾನಕಿ, ಅವರ ಎರಡು ಮಕ್ಕಳು, ನಾನು. ಜಯನಗರದವರಿಗೆ ಆಗಲೇ ಏಷ್ಯಾದಲ್ಲೇ ದೊಡ್ಡ ಬಡಾವಣೆ ನಮ್ಮದು ಎಂಬ ಜಂಬ. ನಾಲ್ಕು ಮನೆಗೊಂದು ಖಾಲಿ ಸೈಟು, ಸೈಟಿನ ತುಂಬ ಪಾರ್ಥೇನಿಯಂ ಬರುವುದಕ್ಕೆ ಮುಂಚಿನ ಕಾಲದ ತುಂಬೆ ಗಿಡ, ಆಚೆಗೆ ಬನಶಂಕರಿಯವರೆಗೂ ರಾಗಿ ಹೊಲ. ಕತ್ತಲಾದರೆ ನರಿ ಕೂಗುತ್ತಿತ್ತು. ಆದರೂ ಕಾಂಪೌಂಡಿನ ಗೇಟಿಗೆ ಹೆಸರಿನ ಹಲಗೆ ಹಾಕಿ, ಅದರ ಕೆಳಗೆ ನಿವೃತ್ತರಾದ ಹುದ್ದೆಯನ್ನೂ ಬರೆಸುವುದು ತಪ್ಪುತ್ತಿರಲಿಲ್ಲ.

ಆ ವರ್ಷ ಬೇಸಿಗೆಯ ಮೊದಲಲ್ಲಿ ನನ್ನ ಕತ್ತಿನ ಎಡಗಡೆಯ ಗಂಟನ್ನು ಕೊಯ್ದು ತೆಗೆದರು. ನಿಂಬೆಹಣ್ಣಿನಷ್ಟಿತ್ತು. ಮಾಡಿದ ಸರ್ಜನ್ನರು ವಿಲಾಯಿತಿಯಲ್ಲಿ ಓದಿ ಬಂದವರು. ರೋಗಿಯ ಮುಖ ನೋಡಿ ಮಾತಾಡುವುದನ್ನು ಅಲ್ಲಿ ಕಲಿಸಿರಲಿಲ್ಲವೆಂದು ಕಾಣುತ್ತದೆ. ಹೊಲಿಗೆ ಬಿಚ್ಚಿದ ದಿನ ಕಿಟಕಿಯ ಕಡೆ ತಿರುಗಿ, "ಥೈರಾಯ್ಡ್ ಗ್ರಂಥಿ ಎಡಗಡೆ ಅರ್ಧ ತೆಗೆದಿದೀನಿ. ಬಲಗಡೆ ಅರ್ಧ ಬಿಟ್ಟಿದೀನಿ. ಬಿಟ್ಟಿರೋದರಲ್ಲಿ ಮತ್ತೆ ಗಂಟು ಬಂದರೂ ಬರಬಹುದು" ಎಂದರು.

ಅಣ್ಣ ಕೈ ಕಟ್ಟಿಕೊಂಡು ನಿಂತಿದ್ದ. "ಬಂದರೆ ಸಾರ್?"

"ಬಂದರೆ ಮತ್ತೆ ಕೊಯ್ಯಬೇಕು. ಆದರೆ ಒಂದು ಸಲ ಕೊಯ್ದಿರೋ ಜಾಗದಲ್ಲಿ ದನಿಯ ನರ ಎಲ್ಲಿ ಅಂಟಿಕೊಂಡಿರುತ್ತೆ ಅಂತ ಹೇಳಕ್ಕಾಗಲ್ಲ. ಆಗ ದನಿ ಹೋದರೆ ನನ್ನ ಕೇಳಬೇಡಿ."

ಇಷ್ಟು ಹೇಳಿ ಅವರು ಮುಂದಿನ ಮಂಚಕ್ಕೆ ಹೋದರು. ಹೇಳಿದ್ದು ಸುಳ್ಳಲ್ಲ, ಆದರೆ ಅಂಚೆಯವನು ಕಾಗದ ಎಸೆದು ಹೋದ ಹಾಗೆ ಹೇಳಿದರು. ಆಗ ನನಗೆ ಇಪ್ಪತ್ತಾರು. ಹೆಣ್ಣುಮಕ್ಕಳ ಮಿಡ್ಲ್ ಸ್ಕೂಲಿನಲ್ಲಿ ಲೆಕ್ಕದ ಟೀಚರು, ತಾತ್ಕಾಲಿಕ ನೇಮಕ. ಒಂದು ಕ್ಲಾಸಿಗೆ ಐವತ್ತು ಹುಡುಗಿಯರು, ಶೀಟಿನ ಚಾವಣಿ. ಮಳೆ ಬಂದರೆ ಚಾವಣಿಯ ಮೇಲಿನ ಸದ್ದಿಗಿಂತ ಜೋರಾಗಿ ಮಗ್ಗಿ ಹೇಳಬೇಕು. ಆಪರೇಷನ್ ಆದ ಮೇಲೆ ಆರು ವಾರ ನನ್ನ ಗಂಟಲಿನಿಂದ ಗಾಳಿ ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ. ಹಾಲು ಬೇಕು ಎಂದು ಹೇಳಲು ತಟ್ಟೆ ಬಡಿಯುತ್ತಿದ್ದೆ. ದನಿ ಇಲ್ಲದಿದ್ದರೆ ನಾನು ಅಣ್ಣನ ಮನೆಯಲ್ಲಿ ಎರಡು ಹೊತ್ತು ಊಟ ಮಾಡಿಕೊಂಡು ಮೂಲೆಯಲ್ಲಿರುವ ತಂಗಿ, ಅಷ್ಟೆ. ದನಿ ಮರಳಿ ಬಂದ ದಿನ ಬಚ್ಚಲಮನೆಯಲ್ಲಿ ಬಾಗಿಲು ಹಾಕಿಕೊಂಡು ಹತ್ತೊಂಬತ್ತರ ಮಗ್ಗಿ ಪೂರ್ತಿ ಒಪ್ಪಿಸಿ ಅತ್ತೆ.

ಜೂನಿನಲ್ಲಿ ಸ್ಕೂಲು ಶುರುವಾಯಿತು. ಗಾಯದ ಗುರುತು ಕಾಣದಿರಲಿ ಎಂದು ಕಾಲರಿನ ರವಿಕೆ ಹೊಲಿಸಿಕೊಂಡಿದ್ದೆ, ಗಂಟಲಿನ ಹತ್ತಿರ ಒಂದು ಹುಕ್ಕು. ಮುಚ್ಚಿಕೊಂಡದ್ದೇ ತಪ್ಪಾಯಿತು. ಮುಚ್ಚಿದ್ದನ್ನು ನೋಡಲೇಬೇಕೆಂಬ ಹಟ ನಮ್ಮ ಬೀದಿಗೆ ಹುಟ್ಟಿತು. ಒಬ್ಬೊಬ್ಬರಾಗಿ ಬಂದರು. ಒಬ್ಬಾಕೆ ಎಲೆಕೋಸು ತಿನ್ನಬೇಡ ಎಂದಳು, ಇನ್ನೊಬ್ಬಾಕೆ ಎಲೆಕೋಸೇ ತಿನ್ನು ಎಂದಳು. ಇಟ್ಟಮಡುವಿನಲ್ಲಿ ಯಾರೋ ಸೊಪ್ಪಿನ ರಸ ಕೊಡುತ್ತಾರಂತೆ, ಕುಡಿದರೆ ಕತ್ತು ಕೊಕ್ಕರೆಯದಾಗುತ್ತದಂತೆ. ಬನಶಂಕರಿ ಗುಡಿಯಲ್ಲಿ ರಾಹುಕಾಲದ ಪೂಜೆ ಒಂಬತ್ತು ಮಂಗಳವಾರ ಮಾಡಿಸಬೇಕಂತೆ. ಬಂದವರೆಲ್ಲ ಕಾಫಿ ಕುಡಿದರು, ಕೋಡುಬಳೆ ಮುರಿದರು, ನನ್ನ ಕತ್ತು ನೋಡಿದರು, ಅಯ್ಯೋ ಎಂದರು, ಇನ್ನೊಂದು ಕೋಡುಬಳೆ ತೆಗೆದುಕೊಂಡರು.

ಇವರೆಲ್ಲರ ಮುಂದಾಳು ಕಮಲಮ್ಮನವರು. ಎದುರು ಸಾಲಿನ ಮನೆ. ನಿವೃತ್ತ ಅಮಲ್ದಾರರ ಹೆಂಡತಿ. ಗಂಡ ಅಮಲ್ದಾರಿಕೆ ಬಿಟ್ಟು ಎಂಟು ವರ್ಷವಾಗಿದ್ದರೂ ಆಕೆ ಬಿಟ್ಟಿರಲಿಲ್ಲ. ಬೀದಿಯಲ್ಲಿ ಯಾರ ಮನೆಗೆ ಯಾರು ಬಂದರು, ಎಷ್ಟು ಹೊತ್ತು ಕೂತರು, ಎಲ್ಲ ಆಕೆಗೆ ವರದಿಯಾಗಬೇಕು. ಶ್ರಾವಣ ಬಂತೆಂದರೆ ಆಕೆಯ ದರ್ಬಾರು. ಅರಿಶಿನ ಕುಂಕುಮಕ್ಕೆ ಕರೆದರೆ ಹೋಗದಿರುವ ಹಾಗಿಲ್ಲ. ಹೋದರೆ ಕೆನ್ನೆಗೆ ಅರಿಶಿನ, ಹಣೆಗೆ ಕುಂಕುಮ, ಆಮೇಲೆ ಕತ್ತಿಗೆ ಗಂಧ. ಈ ಗಂಧ ಹಚ್ಚುವ ಪದ್ಧತಿ ಯಾರು ಮಾಡಿದರೋ, ಅವರಿಗೆ ನನ್ನಂಥವಳ ಕತ್ತು ಇರಲಿಲ್ಲ. ಬೇರೆಯವರಿಗೆ ಎರಡು ಬೆರಳು ಹಾಗೆ ಸವರಿ ಬಿಡುತ್ತಿದ್ದ ಕಮಲಮ್ಮನವರು ನನಗೆ ಮಾತ್ರ, "ಕಾಲರ್ ಬಿಚ್ಚೇ ಸುಮಿ, ಗಂಧ ಹತ್ತಬಾರದು ಬಟ್ಟೆಗೆ" ಎಂದು ತಾವೇ ಹುಕ್ಕು ತೆಗೆದರು. ಗಾಯದ ಗೆರೆಯ ಮೇಲೆ, ಎಡಕ್ಕೆ, ಬಲಕ್ಕೆ, ಒತ್ತಿ ಒತ್ತಿ ಹಚ್ಚಿದರು. ಹತ್ತು ಹೆಂಗಸರು ತಾಂಬೂಲದ ತಟ್ಟೆ ಮರೆತು ನೋಡುತ್ತಿದ್ದರು.

"ಬಲಗಡೆ ಸ್ವಲ್ಪ ದಪ್ಪ ಇದ್ದ ಹಾಗಿದೆಯಲ್ಲ ಜಾನಕಿ?" ಎಂದು ನನ್ನ ಅತ್ತಿಗೆಯನ್ನು ಕೇಳಿದರು. ನನ್ನನ್ನಲ್ಲ. ಕತ್ತು ನನ್ನದಾದರೂ ಅದರ ವಿಚಾರಣೆ ಮನೆಯ ಯಜಮಾನಿಯದು.

"ಇಲ್ಲಪ್ಪ, ಹಾಗೇನಿಲ್ಲ" ಎಂದರು ಅತ್ತಿಗೆ. ಆದರೆ ಅವರ ಮುಖ ಇಳಿದುಹೋಗಿತ್ತು.

ಅತ್ತಿಗೆಯ ಬಗ್ಗೆ ಇಲ್ಲಿ ಹೇಳಬೇಕು. ಅವರು ಹೋಗಿ ಈಗ ಹನ್ನೊಂದು ವರ್ಷ. ಆಗ ನನಗಿಂತ ನಾಲ್ಕೇ ವರ್ಷ ದೊಡ್ಡವರು, ನಾಲ್ಕನೇ ಕ್ಲಾಸು ಓದಿದವರು. ನಾನು ಇಂಟರ್‌ಮೀಡಿಯೆಟ್ ಮುಗಿಸಿದವಳು, ಲೆಕ್ಕದಲ್ಲಿ ಫಸ್ಟ್ ಕ್ಲಾಸ್. ಅವರ ನೇಮ, ನಿಷ್ಠೆ, ಮಡಿ, ಮುಸುರೆ, ದೇವರ ಮುಂದೆ ಬಾಯೊಳಗೇ ಮಾಡುವ ವಟವಟ, ಎಲ್ಲವನ್ನೂ ಕಂಡರೆ ನನಗೆ ಮೈ ಉರಿಯುತ್ತಿತ್ತು. ಅವರು ನಿಜಕ್ಕೂ ಒಂಬತ್ತು ಮಂಗಳವಾರ ರಾಗಿ ಹೊಲದ ಬದುವಿನ ಮೇಲೆ ನಡೆದು ಬನಶಂಕರಿಗೆ ಹೋಗಿ ಬಂದರು. ಒಂದು ಮಂಗಳವಾರ ಮಳೆಯಲ್ಲಿ ನೆನೆದು, ಮಂಡಿಯವರೆಗೆ ಕೆಸರು ಮಾಡಿಕೊಂಡು ಬಂದಾಗ ನಾನು, "ದೇವಿಗೆ ನನ್ನ ಕತ್ತು ನೋಡೋದು ಬಿಟ್ಟು ಬೇರೆ ಕೆಲಸ ಇಲ್ವಾ ಅತ್ತಿಗೆ?" ಎಂದು ಕೇಳಿದ್ದೆ. ಅವರು ಕಾಲು ತೊಳೆದುಕೊಂಡು ಒಳಗೆ ಹೋಗಿ ನನಗೆ ಪ್ರಸಾದ ತಂದುಕೊಟ್ಟರು. ಬುದ್ಧಿ ಇಲ್ಲದವರಿಗೆ ಕೋಪವೂ ಬರುವುದಿಲ್ಲ ಎಂದುಕೊಂಡೆ.

ಕಮಲಮ್ಮನವರ ಮನೆಯಿಂದ ಬಂದ ಆ ಶುಕ್ರವಾರವೇ ಅತ್ತಿಗೆ ದಾರ ತೆಗೆದರು. ಐದೆಳೆಯ ಹತ್ತಿ ದಾರ, ಮನೆಯಲ್ಲೇ ಹೊಸೆದದ್ದು. "ಬಾರೇ ಇಲ್ಲಿ" ಎಂದು ದೇವರ ಮನೆಯ ಮುಂದೆ ಕೂರಿಸಿ, ನನ್ನ ಕತ್ತಿಗೆ ಸುತ್ತಿ, ತುದಿಗೆ ತುದಿ ಸೇರುವಲ್ಲಿ ಕತ್ತರಿಸಿದರು. ಅದನ್ನು ಅರಿಶಿನದ ನೀರಿಗೆ ಅದ್ದಿ ಕಲಶದ ಮುಂದಿಟ್ಟರು. ಪ್ರತಿ ಶುಕ್ರವಾರ ಹಾಗೆಯೇ ಅದ್ದಿ, ಪೂಜೆ ಮಾಡಿ, ನೆರಳಿನಲ್ಲಿ ಒಣಗಿಸಿ, ಕತ್ತಿಗೆ ಹಿಡಿಯುವುದು. ತುದಿಗಳು ಸೇರಿದರೆ ಗಂಟು ಬೆಳೆದಿಲ್ಲ. ಸೇರದಿದ್ದರೆ ಬೆಳೆದಿದೆ.

"ಯಾರು ಹೇಳಿಕೊಟ್ಟರು ಈ ವಿದ್ಯೆ?" ಎಂದೆ.

"ಯಾರೂ ಇಲ್ಲ. ನಾನೇ ಮಾಡಿದ್ದು. ದಿನಾ ನೋಡೋ ಕಣ್ಣಿಗೆ ಗೊತ್ತಾಗಲ್ಲ, ದಾರಕ್ಕೆ ಗೊತ್ತಾಗುತ್ತೆ."

ಇದರಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ಅಳತೆ ಎಂದ ಮೇಲೆ ಅದು ಲೆಕ್ಕದವಳಾದ ನನ್ನ ಪಕ್ಷದ ಮಾತು. ವ್ಯಂಗ್ಯವಾಗಿ ನಕ್ಕು ಕತ್ತು ಕೊಟ್ಟೆ. ಮೊದಲ ಮೂರು ವಾರ ತುದಿಗೆ ತುದಿ ಸೇರಿತು. ಅತ್ತಿಗೆ ಪ್ರತಿ ಸಲ ದಾರವನ್ನು ಕಣ್ಣಿಗೊತ್ತಿಕೊಂಡರು, ನಾನು ಪ್ರತಿ ಸಲ ಗೊಣಗಿಕೊಂಡು ಎದ್ದೆ. ಗೌರಿ ಹಬ್ಬದ ಹೊತ್ತಿಗೆ ಒಂದು ವಿಷಯ ಗಮನಕ್ಕೆ ಬಂತು. ಗುರುವಾರ ಸಂಜೆಯಿಂದಲೇ ನನಗೆ ಶುಕ್ರವಾರದ ಯೋಚನೆ. ಎಣ್ಣೆ ಹಚ್ಚಿ ನೀರು ಹಾಕಿಕೊಂಡು, ಯಾರೂ ಕರೆಯುವ ಮೊದಲೇ ದೇವರ ಮನೆಯ ಮುಂದೆ ಹೋಗಿ ಕೂರುತ್ತಿದ್ದೆ. ಫಸ್ಟ್ ಕ್ಲಾಸ್ ಲೆಕ್ಕದ ಟೀಚರಿಗೆ ವಾರಕ್ಕೊಮ್ಮೆ ದಾರದ ತೀರ್ಪು ಬೇಕಾಗುತ್ತಿತ್ತು.

ಪಿತೃಪಕ್ಷದ ಮೊದಲ ಶುಕ್ರವಾರ ತುದಿಗಳ ನಡುವೆ ಒಂದು ಅಕ್ಕಿಕಾಳು ಹಿಡಿಸುವಷ್ಟು ಜಾಗ ಉಳಿಯಿತು. "ನಾನೇ ಸರಿಯಾಗಿ ಎಳೆದಿಲ್ಲ" ಎಂದರು ಅತ್ತಿಗೆ. ಎಳೆದು ಹಿಡಿದರೂ ಸೇರಲಿಲ್ಲ. ಮುಂದಿನ ವಾರ ಒಂದೂವರೆ ಕಾಳು. ನವರಾತ್ರಿಯ ಶುಕ್ರವಾರ, ಮನೆಯಲ್ಲಿ ಗೊಂಬೆ ಕೂರಿಸಿ ಬೀದಿಯ ಮಕ್ಕಳೆಲ್ಲ ನೆರೆದಿದ್ದಾಗ, ಅತ್ತಿಗೆ ನನ್ನನ್ನು ಅಡುಗೆಮನೆಗೆ ಕರೆದು ದಾರ ಹಿಡಿದರು. ಎರಡು ಕಾಳಿಗೂ ಮೀರಿ ಬಿರುಕು. ಅವರು ದಾರವನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡರು.  ಇಬ್ಬರೂ ಹೊರಗೆ ಹೋಗಿ ಮಕ್ಕಳಿಗೆ ಚರ್ಪು, ಗೊಂಬೆಯ ಮುಂದಿಟ್ಟ ತಿಂಡಿ, ಹಂಚಿದೆವು.

ಅಲ್ಲಿಂದ ನನ್ನ ಕೈ ಕತ್ತು ಬಿಟ್ಟು ಇಳಿಯಲಿಲ್ಲ. ಹುಡುಗಿಯರಿಗೆ ಭಿನ್ನರಾಶಿ ಕೊಟ್ಟು ಬೋರ್ಡಿನ ಕಡೆ ತಿರುಗಿ ಕಾಲರಿನೊಳಗೆ ಬೆರಳು ಹಾಕಿ ಒತ್ತಿಕೊಳ್ಳುತ್ತಿದ್ದೆ. ಎಂಜಲು ನುಂಗಿದಾಗ ಏನೋ ಮೇಲೆ ಕೆಳಗೆ ಹೋಗುತ್ತಿತ್ತು. ಎಲ್ಲರ ಗಂಟಲಲ್ಲೂ ಅದು ಹೋಗುತ್ತದೆ ಎಂದು ಪುಸ್ತಕದಲ್ಲಿ ಓದಿದ್ದೆ. ಓದಿದ್ದು ಆಗ ಯಾವ ಕೆಲಸಕ್ಕೂ ಬರಲಿಲ್ಲ. ಬಲಗಡೆ ಒತ್ತಿ ಒತ್ತಿ ನೋವು ಮಾಡಿಕೊಂಡು, ನೋವಿದೆ ಎಂದು ಇನ್ನಷ್ಟು ಹೆದರಿದೆ. ಮಧ್ಯಾಹ್ನದ ಹೊತ್ತಿಗೆ ದನಿ ಸ್ವಲ್ಪ ಒಡೆದರೆ ಸಾಕು, ಬೆವರು ಕಿತ್ತುಕೊಂಡು ಬರುತ್ತಿತ್ತು. ಮತ್ತೆ ಕೊಯ್ಯುತ್ತಾರೆ, ಈ ಸಲ ದನಿ ಹೋಗುತ್ತದೆ, ಉಳಿದ ಆಯಸ್ಸೆಲ್ಲ ತಟ್ಟೆ ಬಡಿಯುವುದು. ಅಣ್ಣನಿಗೆ ಹೇಳಿದರೆ ಅವನು ಪೇಪರಿನಿಂದ ತಲೆ ಎತ್ತದೆ, "ದೀಪಾವಳಿ ಕಳೀಲಿ, ಡಾಕ್ಟರ್ ಹತ್ರ ಹೋಗೋಣ" ಎಂದ. ಅಣ್ಣ ಜೀವಮಾನವೆಲ್ಲ ಫೈಲುಗಳನ್ನು ಹಬ್ಬದಾಚೆಗೆ ತಳ್ಳಿದವನು. ನಾನೂ ಒತ್ತಾಯ ಮಾಡಲಿಲ್ಲ. ನಿಜ ಹೇಳಬೇಕೆಂದರೆ ಡಾಕ್ಟರ ಹತ್ತಿರ ಹೋಗಲು ನನಗೇ ಹೆದರಿಕೆ. ಕಿಟಕಿಯ ಕಡೆ ತಿರುಗಿ ಹೌದು ಎಂದುಬಿಟ್ಟರೆ ಆಮೇಲೆ ಮಾಡುವುದೇನು?

ಇದೇ ಸಮಯಕ್ಕೆ ಸ್ಕೂಲಿನಲ್ಲಿ ನನ್ನ ಹುದ್ದೆ ಕಾಯಂ ಮಾಡುವ ಮಾತು ಬಂತು. ಹೆಡ್‌ಮಿಸ್ಟ್ರೆಸ್ ರುಕ್ಮಿಣಿಯಮ್ಮ ಒಳ್ಳೆಯವರು, ಆದರೆ ಕಾಗದದ ಭಕ್ತೆ. ದಸರಾ ರಜ ಮುಗಿದ ದಿನ ಕರೆದು, "ಕಮಿಟಿಯವರು ಒಪ್ಪಿದಾರೆ ಟೀಚರ್. ನಿಮ್ಮದೊಂದು ಡಾಕ್ಟರ್ ಸರ್ಟಿಫಿಕೇಟ್ ಬೇಕು. ಆರೋಗ್ಯ ಸರಿಯಾಗಿದೆ ಅಂತ. ಹದಿನೈದು ದಿನದೊಳಗೆ ಕೊಟ್ಟುಬಿಡಿ" ಎಂದರು. ಆ ಹುದ್ದೆಗೆ ಇನ್ನೊಬ್ಬಳೂ ಅರ್ಜಿ ಹಾಕಿದ್ದಳು. ವತ್ಸಲ, ಕಮಲಮ್ಮನವರ ತಂಗಿಯ ಮಗಳು. ಭಿನ್ನರಾಶಿಯಲ್ಲಿ ಛೇದ ಯಾವುದು ಅಂಶ ಯಾವುದು ಎಂದು ಅವಳಿಗೆ ತಿಳಿಯುವುದು ಅನುಮಾನವಾಗಿತ್ತು. ಆದರೆ ಅವಳ ಕತ್ತು ನುಣ್ಣಗಿತ್ತು.

ಹದಿನೈದು ದಿನದಲ್ಲಿ ಹನ್ನೊಂದು ದಿನ ಕಳೆದವು. ಹನ್ನೆರಡನೆಯ ದಿನ ಶುಕ್ರವಾರ. ದಾರದ ತುದಿಗಳ ನಡುವೆ ಅತ್ತಿಗೆಯ ಕಿರುಬೆರಳಿನ ಅಗಲ ಜಾಗ ಬಿಟ್ಟಿತು. ಅತ್ತಿಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಾನು ಎದ್ದೆ, ಕಾಲರಿನ ಹುಕ್ಕು ಹಾಕಿಕೊಂಡೆ, ಸ್ಕೂಲಿಗೆ ಹೋದೆ. ಹೋದವಳೇ ಅರ್ಧ ಹಾಳೆಯಲ್ಲಿ, ಸ್ವಂತ ಕಾರಣಗಳಿಂದ ಕಾಯಂ ಹುದ್ದೆ ನನಗೆ ಬೇಡವೆಂದು ಬರೆದು ರುಕ್ಮಿಣಿಯಮ್ಮನವರ ಮೇಜಿನ ಮೇಲೆ ಇಟ್ಟೆ. ಅವರು ಕಮಿಟಿಯವರ ಜೊತೆ ಮಾತಾಡುತ್ತಿದ್ದರು, ಹೌದೇ ಎಂಬಂತೆ ಹುಬ್ಬು ಏರಿಸಿದರು, ನಾನು ಹೊರಗೆ ಬಂದೆ.

ಯಾಕೆ ಹಾಗೆ ಮಾಡಿದೆ ಎಂದು ಬಹಳ ಸಲ ಕೇಳಿಕೊಂಡಿದ್ದೇನೆ. ಹೆದರಿಕೆ ಎಂದರೆ ಅರ್ಧ ಸತ್ಯ. ಡಾಕ್ಟರು ಬೇಡ ಎಂದು, ಕಮಿಟಿ ಬೇಡ ಎಂದು, ಆ ಸುದ್ದಿ ಕಮಲಮ್ಮನವರ ವರಾಂಡಕ್ಕೆ ಹೋಗಿ, ಅಯ್ಯೋ ಪಾಪ ಎಂಬ ಮಾತು ಕೋಡುಬಳೆಯ ಜೊತೆ ಬೀದಿಯೆಲ್ಲ ಸುತ್ತುವುದನ್ನು ನಾನು ಸಹಿಸಲಾರದೆ ಹೋದೆ. ಅವರು ಬೇಡ ಎನ್ನುವ ಮೊದಲು ನಾನೇ ಬೇಡ ಎಂದೆ. ನನ್ನ ಸೊಕ್ಕು ನನ್ನ ಗಂಟಿಗಿಂತ ದೊಡ್ಡದಿತ್ತು.

ಆ ದಿನ ಮಧ್ಯಾಹ್ನ ಮನೆಗೆ ಬಂದ ನನ್ನಿಂದ ವಿಷಯ ತಿಳಿದ ಅತ್ತಿಗೆ ಒಲೆ ಆರಿಸಿದರು. ನಾನು ನೋಡಿದ ಹಾಗೆ ಅವರು ಅನ್ನ ಅರ್ಧ ಬೆಂದಿರುವಾಗ ಒಲೆ ಆರಿಸಿದ್ದು ಅದೊಂದೇ ಸಲ. "ಏಳು, ಡಾಕ್ಟರ್ ಹತ್ರ ಹೋಗೋಣ" ಎಂದರು. "ಆ ಸರ್ಜನ್ ಬೇಡ" ಎಂದೆ. "ಸರ್ಜನ್ ಅಲ್ಲ. ಅನಂತಯ್ಯನವರ ಹತ್ರ. ಎದ್ದೇಳು ಸುಮಿ." ದಾರವನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಅವರು ಮುಂದೆ, ನಾನು ಹಿಂದೆ. ಜಿಟಿಜಿಟಿ ಮಳೆ. ಕೆಂಪು ಮಣ್ಣಿನ ರಸ್ತೆಯಲ್ಲಿ ಚಪ್ಪಲಿ ಹೂತುಹೋಗುತ್ತಿತ್ತು.

ಅನಂತಯ್ಯ ಡಾಕ್ಟರು ಮೊದಲು ಹಳ್ಳಿಗಳಲ್ಲಿ ಕೆಲಸ ಮಾಡಿ, ಈಗ ಮನೆಯ ಮುಂದಿನ ಕೋಣೆಯಲ್ಲಿ ಕೆಮ್ಮು ನೆಗಡಿ ನೋಡಿಕೊಂಡಿದ್ದ ಮುದುಕರು. ಸೀಸೆಗೆ ಕಾಗದದ ಗುರುತು ಅಂಟಿಸಿ ಕೆಂಪು ಔಷಧಿ ಕೊಡುವವರು ಎಂದು ನಾನು ಅವರನ್ನೂ ಲೆಕ್ಕಕ್ಕೆ ಇಟ್ಟಿರಲಿಲ್ಲ. ಅವರು ನನ್ನ ಹಿಂದೆ ನಿಂತು, ಎರಡು ಕೈಯಿಂದ ಕತ್ತು ಹಿಡಿದು, ಲೋಟದಿಂದ ನೀರು ಕುಡಿಯಲು ಹೇಳಿದರು. ಒಂದು ಗುಟುಕು, ಎರಡು ಗುಟುಕು. ಮೂರು ಲೋಟ ನೀರು ಕುಡಿಸಿದರು. ಆಮೇಲೆ ಮುಂದೆ ಬಂದು, ಕುರ್ಚಿ ಎಳೆದುಕೊಂಡು, ನನ್ನ ಮುಖ ನೋಡಿ ಹೇಳಿದರು.

"ಏನೂ ಇಲ್ಲಮ್ಮ. ಬಲಗಡೆ ಇರಬೇಕಾದ್ದು ಇದೆ, ಅಷ್ಟೆ. ಗಂಟು ಇಲ್ಲ."

"ಬೆಳೀತಿದೆ ಡಾಕ್ಟ್ರೇ" ಎಂದು ಅತ್ತಿಗೆ ಸೆರಗು ಬಿಚ್ಚಿ ದಾರ ತೆಗೆದರು. ಹನ್ನೆರಡು ಶುಕ್ರವಾರದ ಕಥೆ ಹೇಳಿದರು. ಹೇಳುತ್ತಾ ಅತ್ತರು. ಡಾಕ್ಟರು ದಾರವನ್ನು ಬೆಳಕಿಗೆ ಹಿಡಿದು, ಬೆರಳಿನಿಂದ ಉಜ್ಜಿ, ಮೂಸಿ ನೋಡಿದರು. ನಗಲಿಲ್ಲ, ಅದು ಅವರ ದೊಡ್ಡತನ.

"ಈ ಹುಡುಗಿಯ ಕಾಲರ್ ರವಿಕೆ ಯಾವಾಗ ಹೊಲಿಸಿದ್ದು?"

"ಬೇಸಿಗೇಲಿ."

"ಹುಕ್ಕು ಹಾಕಕ್ಕೆ ಕಷ್ಟ ಆಗುತ್ತಾ ಈಗ?"

ಇಲ್ಲ ಎಂದೆ. ಅದೇ ದಿನ ಬೆಳಿಗ್ಗೆ, ದಾರ ಸೋತ ಮರುಗಳಿಗೆಯಲ್ಲಿ, ಸರಾಗವಾಗಿ ಹಾಕಿಕೊಂಡಿದ್ದೆ.

"ರವಿಕೆ ಬಟ್ಟೆ ದರ್ಜಿಗೆ ಕೊಡೋ ಮುಂಚೆ ಏನ್ ಮಾಡ್ತೀರಮ್ಮ?" ಎಂದು ಅತ್ತಿಗೆಯನ್ನು ಕೇಳಿದರು.

"ನೀರಲ್ಲಿ ನೆನೆಹಾಕಿ ಒಣಗಿಸ್ತೀವಿ."

"ಯಾಕೆ?"

ಅತ್ತಿಗೆ ಡಾಕ್ಟರ ಕೈಯಲ್ಲಿದ್ದ ದಾರ ನೋಡಿದರು. ನಾನು ನೆಲ ನೋಡಿದೆ. ಹೊಸ ಬಟ್ಟೆ ನೀರು ಬಿದ್ದರೆ ಕುಗ್ಗುತ್ತದೆ ಎಂದು ಜಯನಗರದ ಎಲ್ಲ ಹೆಂಗಸರಿಗೂ ಗೊತ್ತು. ನೆನೆಹಾಕದೆ ಹೊಲಿಸಿದ ರವಿಕೆಯನ್ನು ತಂಗಿಗೆ ಕೊಟ್ಟವರು ಎಷ್ಟು ಜನ ಇಲ್ಲ. ಮನೆಯಲ್ಲಿ ಹೊಸೆದ ಹಸಿ ಹತ್ತಿಯ ದಾರ, ಹನ್ನೆರಡು ಸಲ ಅರಿಶಿನದ ನೀರು ಕುಡಿದು, ಒಣಗಿ, ವಾರವಾರಕ್ಕೂ ಕುಗ್ಗಿತ್ತು. ನನ್ನ ಕತ್ತು ಇದ್ದಷ್ಟೇ ಇತ್ತು. ಅತ್ತಿಗೆಗೆ ತಿಳಿಯಲಿಲ್ಲ, ಇರಲಿ, ಅದು ಅವರಿಗೆ ದೇವರ ದಾರ. ನಾನು? ಅಳೆಯುವ ಕೋಲು ಬದಲಾಗಬಾರದು ಎಂದು ಐದನೇ ಕ್ಲಾಸಿನ ಹುಡುಗಿಯರಿಗೆ ವರ್ಷಕ್ಕೆರಡು ಸಲ ಹೇಳಿಕೊಡುತ್ತಿದ್ದವಳು. ಬೀದಿಯವರನ್ನೆಲ್ಲ ಮಂಕುಗಳು ಎಂದು ಮೂಗು ಮುರಿಯುತ್ತಿದ್ದವಳು.

"ಮುಂದೆ ಬರಲ್ಲ ಅಂತ ನಾನು ಹೇಳಲ್ಲ" ಎಂದರು ಡಾಕ್ಟರು. "ಬಂದರೂ ಬರಬಹುದು. ವರ್ಷಕ್ಕೊಂದು ಸಲ ಬಾ, ನೋಡ್ತೀನಿ. ಉಳಿದ ದಿನ ಕತ್ತು ಮುಟ್ಟಿಕೋಬೇಡ." ಅಲ್ಲೇ ಕೂತು ಸರ್ಟಿಫಿಕೇಟ್ ಬರೆದುಕೊಟ್ಟರು. ದಾರಿಯಲ್ಲಿ ಅತ್ತಿಗೆ ಒಂದೇ ಮಾತು ಹೇಳಿದರು, "ನನ್ನಿಂದ ಹೀಗಾಯ್ತು." ಅಲ್ಲ ಎಂದು ಹೇಳಬಹುದಿತ್ತು. ಹೇಳಲಿಲ್ಲ. ಕೋಪ ಮಾಡಿಕೊಳ್ಳಲು ಒಬ್ಬರು ಸಿಕ್ಕಿದ್ದು ನನಗೆ ಹಿತವಾಗಿತ್ತು.

ಸೋಮವಾರ ಸರ್ಟಿಫಿಕೇಟ್ ಹಿಡಿದುಕೊಂಡು ಹೋದೆ. ರುಕ್ಮಿಣಿಯಮ್ಮ ಅದನ್ನು ಓದಿ, ಮಡಿಸಿ, ನನ್ನ ಕೈಗೇ ಕೊಟ್ಟರು. ಶನಿವಾರವೇ ಕಮಿಟಿ ಸೇರಿ ವತ್ಸಲಳಿಗೆ ಆರ್ಡರ್ ಕೊಟ್ಟಾಗಿತ್ತು. ನನ್ನ ತಾತ್ಕಾಲಿಕ ಕೆಲಸವೂ ತಿಂಗಳ ಕೊನೆಗೆ ಮುಗಿಯುತ್ತದೆ ಎಂದರು.

"ಯಾಕೆ ಟೀಚರ್ ಹಾಗೆ ಬರೆದುಕೊಟ್ಟಿರಿ? ನಿಮಗೋಸ್ಕರ ನಾನು ಎಷ್ಟು ಹೇಳಿದ್ದೆ ಅವರಿಗೆ."

ಲೆಕ್ಕದ ಟೀಚರು ಒಂದು ಕುಗ್ಗಿದ ದಾರ ನಂಬಿ ಕೆಲಸ ಬಿಟ್ಟಳು ಎಂದು ಹೇಗೆ ಹೇಳುವುದು? ಗಂಟು ಮತ್ತೆ ಬಂತೆಂದು ಹೆದರಿದೆ ಎಂದರೆ ಆ ಮಾತು ನನ್ನ ಬೆನ್ನ ಹಿಂದೆ ಎಲ್ಲ ಸ್ಕೂಲಿಗೂ ಬರುತ್ತದೆ. ಅವರು ಉತ್ತರಕ್ಕೆ ಕಾಯುತ್ತಿದ್ದರು.

"ಮನೆಯಲ್ಲಿ ನಮ್ಮ ಅತ್ತಿಗೆ ಬೇಡ ಅಂದರು" ಎಂದೆ.

"ಹಾಗಾ" ಎಂದರು ರುಕ್ಮಿಣಿಯಮ್ಮ, ತಲೆ ಆಡಿಸುತ್ತಾ. ಅಂಥ ಅತ್ತಿಗೆಯರು ಅವರಿಗೆ ಗೊತ್ತಿದ್ದರು. ಎಲ್ಲರಿಗೂ ಗೊತ್ತಿರುತ್ತಾರೆ. ಅದಕ್ಕೇ ಆ ಸುಳ್ಳು ಅಷ್ಟು ಸಲೀಸಾಗಿ ನಡೆಯಿತು.

ಮುಂದಿನ ಜೂನಿನಲ್ಲಿ ಬನಶಂಕರಿ ಕಡೆಯ ಒಂದು ಸ್ಕೂಲಿನಲ್ಲಿ ನನಗೆ ಕೆಲಸ ಸಿಕ್ಕಿತು. ಮೂವತ್ತೊಂದು ವರ್ಷ ಅಲ್ಲಿ ಮಗ್ಗಿ ಹೇಳಿದೆ, ಹೇಳಿಸಿದೆ. ಕತ್ತು ಏನೂ ತೊಂದರೆ ಕೊಡಲಿಲ್ಲ. ಆದ್ದರಿಂದ ಕೆಲಸ ಹೋದದ್ದು ದೊಡ್ಡ ಕಥೆಯಲ್ಲ. ಕಥೆ ಇರುವುದು ಆ ನವೆಂಬರಿನ ತುಳಸಿ ಹಬ್ಬದ ಸಂಜೆಯಲ್ಲಿ.

ಕಮಲಮ್ಮನವರ ಹಿತ್ತಿಲಲ್ಲಿ ತುಳಸಿಕಟ್ಟೆಗೆ ನೆಲ್ಲಿಯ ಕೊಂಬೆ ಸಿಕ್ಕಿಸಿ ಪೂಜೆ ಮಾಡಿದ್ದರು. ಪೂಜೆ ಮುಗಿದು ಹೆಂಗಸರೆಲ್ಲ ಹಜಾರದಲ್ಲಿ ಜಮಖಾನದ ಮೇಲೆ ಕೂತಿದ್ದೆವು. ಅತ್ತಿಗೆ ನನ್ನ ಪಕ್ಕದಲ್ಲಿದ್ದರು. ಹೊಸ ಟೀಚರು ವತ್ಸಲ ತಾಂಬೂಲ ಕೊಡುತ್ತಿದ್ದಳು. ಕಮಲಮ್ಮನವರು ಗಂಧದ ಬಟ್ಟಲು ಹಿಡಿದು ಬಂದರು. ನನ್ನ ಕಾಲರ್ ಬಿಚ್ಚಲಿಲ್ಲ. ಅವರಿಗೆ ಅದಕ್ಕಿಂತ ಒಳ್ಳೆಯದು ಸಿಕ್ಕಿತ್ತು. ಅತ್ತಿಗೆಯ ಮುಂದೆ ನಿಂತು, ಇಡೀ ಹಜಾರಕ್ಕೆ ಕೇಳುವ ಹಾಗೆ, "ಅಲ್ಲ ಜಾನಕಿ, ಓದಿದ ಹುಡುಗಿ, ಕಾಯಂ ಆಗೋ ಕೆಲಸ. ನೀನೇ ಬೇಡ ಅಂದು ಬಿಡಿಸಿದೆಯಂತೆ? ರುಕ್ಮಿಣಿಯಮ್ಮ ಎಷ್ಟು ನೊಂದುಕೊಂಡರು ಗೊತ್ತಾ? ತಾಯಿ ಇಲ್ಲದ ಹುಡುಗಿ ಕಣೇ ಅದು" ಎಂದರು.

 ಅತ್ತಿಗೆಗೆ ಈ ಮಾತು ಅದೇ ಮೊದಲು ಕಿವಿಗೆ ಬಿದ್ದದ್ದು. ಅವರು ನಿಧಾನವಾಗಿ ತಿರುಗಿ ನನ್ನನ್ನು ನೋಡಿದರು. ಒಂದು ಸಲ, ಅಷ್ಟೆ. ನಾಲ್ಕನೇ ಕ್ಲಾಸು ಓದಿದ ಆ ಹೆಂಗಸಿಗೆ ಯಾರು ಏನು ಹೇಳಿದ್ದಾರೆ, ಯಾಕೆ ಹೇಳಿದ್ದಾರೆ ಎಂಬುದೆಲ್ಲ ಆ ಒಂದು ನೋಟದಲ್ಲಿ ತಿಳಿದುಹೋಯಿತು. ಅವರು ನಿಜ ಹೇಳಿದ್ದರೆ ನನ್ನ ಕತ್ತಿನ ಸುದ್ದಿ, ದಾರದ ಸುದ್ದಿ, ನನ್ನ ಸುಳ್ಳಿನ ಸುದ್ದಿ, ಮೂರೂ ಆ ಸಂಜೆಯೇ ನಾಲ್ಕನೇ ಬ್ಲಾಕು ದಾಟುತ್ತಿದ್ದವು.

ಅವರು ಗಂಧಕ್ಕೆ ತಮ್ಮ ಕತ್ತು ಎತ್ತಿ ಹಿಡಿದರು.

"ಹೌದು, ನಾನೇ ಬೇಡ ಅಂದೆ" ಎಂದರು. "ಮನೇಲಿ ಒಬ್ಬಳೇ ಎಷ್ಟ್ ಅಂತ ಮಾಡಲಿ. ನನಗೂ ಒಂದು ಕೈ ಬೇಕಿತ್ತು."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೋ ಹಿಂದಿನಿಂದ, "ಎಷ್ಟಾದರೂ ಅತ್ತಿಗೆ ಅತ್ತಿಗೇನೆ" ಎಂದರು. ಕಮಲಮ್ಮನವರು ಅತ್ತಿಗೆಯ ಕತ್ತಿಗೆ ಗಂಧವನ್ನು ಕಸ ತೆಗೆದು ಹಾಕುವ ಹಾಗೆ ತಾಗಿಸಿ ಮುಂದಕ್ಕೆ ಹೋದರು. ಆಮೇಲಿನ ಎಷ್ಟೋ ವರ್ಷ ಆ ಬೀದಿಯಲ್ಲಿ ಅತ್ತಿಗೆ ನಾದಿನಿಯ ಅನ್ನ ಕಿತ್ತುಕೊಂಡವರಾಗಿಯೇ ಉಳಿದರು. ಆ ಬಗ್ಗೆ ನನ್ನ ಹತ್ತಿರ ಒಂದು ದಿನವೂ ಎತ್ತಿ ಆಡಲಿಲ್ಲ.

ಆವತ್ತು ನಾನು ಅವರ ಪಕ್ಕದಲ್ಲೇ, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತಿದ್ದೆ. ಇಲ್ಲ, ಅದು ಸುಳ್ಳು, ಹೇಳಿದವಳು ನಾನು ಎಂದು ಹೇಳುವುದಕ್ಕೆ ಎರಡು ಗಳಿಗೆಯೂ ಬೇಕಿರಲಿಲ್ಲ. ಅಷ್ಟು ಜನ ನನ್ನ ಬಾಯಿಯನ್ನೇ ನೋಡುತ್ತಿದ್ದರು. ನನ್ನ ದನಿ ಚೆನ್ನಾಗಿಯೇ ಇತ್ತು. ನಾನು ಮಾತಾಡಲಿಲ್ಲ.